ಒಳ್ಳೆಯ ಕಾರಣಕ್ಕಾಗಿ ಹೌಸಿ

"ನೂರಹನ್ನೆರಡು ಅಲ್ಲ, ನೂರಹನ್ನೊಂದು," ಎಂದಳು ಎಲೇನ್. "ಇವತ್ತಿನದ್ದು ಇನ್ನೂ ಮುಗಿಯಲಿಲ್ಲ."

ಡೆರಿಲ್ ಮೊಣಕಾಲ ಮೇಲಿಟ್ಟುಕೊಂಡ ಹಾಳೆಯಲ್ಲಿ ಎರಡನ್ನು ಹೊಡೆದುಹಾಕಿ ಒಂದು ಬರೆದ. ಉರ್ವದಲ್ಲಿ ಹತ್ತಿದ ಬಸ್ಸು ತಿರುವಿನಲ್ಲಿ ಹೊರಳಿದ್ದರಿಂದ ಅದು ಸೊಟ್ಟಗಾಯಿತು. ಅವಳು ಹೇಳಿದ್ದು ಸರಿ. ಈಚೆಗೆ ಅವಳು ಹೇಳುವುದೆಲ್ಲ ಸರಿಯೇ ಆಗಿರುತ್ತಿತ್ತು, ಅವನಿಗೆ ಸಿಟ್ಟು ಬರುತ್ತಿದ್ದದ್ದೂ ಅದಕ್ಕೇ.

ನೂರಹನ್ನೊಂದು ದಿನದಿಂದ ಅವನು ಆಡಿರಲಿಲ್ಲ. ರಮ್ಮಿ ಇಲ್ಲ, ಕ್ರಿಕೆಟ್ ಪಂಥ ಇಲ್ಲ, ತಿರುಗುವ ಬಣ್ಣದ ಚಕ್ರ ಇಲ್ಲ. ಜೇಬಿನಲ್ಲಿ ಬಟನ್ ಫೋನು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು, ಸಂಭವನೀಯತೆಯ ಅಧ್ಯಾಯವನ್ನು ಹದಿನಾರು ವರ್ಷ ಬೋರ್ಡಿನ ಮೇಲೆ ಬರೆದವನು, ಸ್ಟಾಫ್ ರೂಮಿನ ಪಕ್ಕದ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡು ಫೋನಿನ ಆ್ಯಪಿನಲ್ಲಿ ಒಂದೇ ಒಂದು ಇಸ್ಪೀಟೆಲೆಗಾಗಿ ಬೆವರುತ್ತಿದ್ದ. ಈಜು ಬಲ್ಲವನು ಮುಳುಗುವುದಿಲ್ಲ ಎಂದು ಯಾವ ಪುಣ್ಯಾತ್ಮ ಹೇಳಿದ್ದೋ.

ಆ್ಯಪಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಜವಾಬ್ದಾರಿಯಿಂದ ಆಡಿ' ಎಂದಿರುತ್ತಿತ್ತು. ಒಮ್ಮೆ ಅದನ್ನು ಎಲೇನ್‌ಗೆ ತೋರಿಸಿಯೂ ಇದ್ದ: ನೋಡು, ಅವರೇ ಎಚ್ಚರಿಕೆ ಕೊಡುತ್ತಾರೆ, ನಾನು ಜವಾಬ್ದಾರಿಯಿಂದಲೇ ಆಡುವುದು. ಸರಕಾರ ಆ್ಯಪುಗಳನ್ನು ಮುಚ್ಚಿಸಿದ ವಾರವೇ ಇನ್ನೆಲ್ಲಿಂದಲೋ ಹೊಸ ಲಿಂಕು ಬಂತು. ಅದರಲ್ಲಿ ಆ ಸಾಲೂ ಇರಲಿಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ಕ್ರಿಸ್ಟಿನಳ ವಯೊಲಿನ್‌ನಿಂದ. ರಿಪೇರಿಗೆ ಕೊಟ್ಟಿದ್ದೇನೆ ಎಂದು ಮಗಳಿಗೆ ಹೇಳಿದ್ದ. ತಂತಿ ಬಂದಿಲ್ಲವಂತೆ, ಗೋವಾದಿಂದ ಬರಬೇಕಂತೆ, ಅಂಗಡಿಯವನಿಗೆ ಜ್ವರವಂತೆ. ನಾಲ್ಕು ತಿಂಗಳು ಹುಡುಗಿ ನಂಬಿದಳು. ಹದಿಮೂರು ವರ್ಷದ ಹುಡುಗಿ ಆ ನಾಲ್ಕು ತಿಂಗಳು ಎಡಗೈ ಬೆರಳುಗಳನ್ನು ಊಟದ ಮೇಜಿನ ಅಂಚಿನ ಮೇಲೆ ಒತ್ತಿ ಒತ್ತಿ ಅಭ್ಯಾಸ ಮಾಡಿದ್ದಳು. ವಯೊಲಿನ್ ಮಾರಿ ಆಗಿತ್ತು.

ಅಂದಿನಿಂದ ಎಲೇನ್ ಅವನೊಡನೆ ಕೊಂಕಣಿ ಆಡುವುದನ್ನು ಬಿಟ್ಟಳು. ಮನೆಯಲ್ಲಿ ಕನ್ನಡ. ಕಂಡಕ್ಟರನೊಡನೆ, ಮೀನಿನವಳೊಡನೆ, ತಾನು ಕೆಲಸ ಮಾಡುವ ಆಸ್ಪತ್ರೆಯ ರೋಗಿಗಳೊಡನೆ ಆಡುವ ಕನ್ನಡ. ಕೊಂಕಣಿಯಲ್ಲಿ 'ತುಂ' ಆಗಿದ್ದವನು ಕನ್ನಡದಲ್ಲಿ 'ನೀವು' ಆಗಿದ್ದ. ಊಟ ಆಯ್ತಾ? ಮಾತ್ರೆ ತೆಗೊಂಡಿರಾ? ಅಷ್ಟು ಮರ್ಯಾದೆಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ನೂರನೆಯ ದಿನ, ಮೀನು ಬಡಿಸುತ್ತ, ಬಾಯಿತಪ್ಪಿ "ಆನೀ ಜಾಯ್?" ಎಂದುಬಿಟ್ಟಿದ್ದಳು. ಇನ್ನೂ ಬೇಕಾ? ಅಷ್ಟೇ. ಡೆರಿಲ್ ತಟ್ಟೆ ನೋಡುತ್ತ ಕೂತುಬಿಟ್ಟಿದ್ದ. ಮತ್ತೆ ಒಂದು ಸಲ ಅವಳು ಹಾಗೆ ಕೇಳಿದರೆ ಸಾಕು ಎಂದು ಆಮೇಲಿನ ಹನ್ನೊಂದು ದಿನ ಬದುಕಿದ್ದ.

ಇವತ್ತು ಭಾನುವಾರ. ಜೂಜಿನ ಚಟ ಬಿಡಿಸುವ 'ಮರುದಡ' ಸಲಹಾ ಕೇಂದ್ರದ ಸಹಾಯಾರ್ಥ ಕಾರ್ಯಕ್ರಮ ಮತ್ತು ಊಟ. ಅವನು ಸಾಕ್ಷಿ ಹೇಳಬೇಕು: ನಾನು ಹೀಗಿದ್ದೆ, ಸಹಾಯ ಕೇಳಿದೆ, ಹೀಗಾದೆ. ಐದು ನಿಮಿಷ.

"ಇವತ್ತು ಚಂದದಲ್ಲಿ ಮುಗಿದರೆ," ಎಂದಳು ಎಲೇನ್, ಕಿಟಕಿಯ ಹೊರಗೆ ನೋಡುತ್ತ, ಮಾತು ಮುಗಿಸದೆ.

"ಮುಗಿದರೆ?"

"ನಂತೂರು ಬಂತು. ಇಳಿಯಿರಿ." ಮುಂದಿನ ಸೀಟಿನಿಂದ ಕ್ರಿಸ್ಟಿನ್ ಆಗಲೇ ಎದ್ದಿದ್ದಳು.

*

ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಬ್ಯಾನರು ಕಟ್ಟಿದ್ದರು. 'ಜೂಜಿನ ಚಟದಿಂದ ಬಿಡುಗಡೆ.' ಅದರ ಕೆಳಗೆ, ಇನ್ನೂ ದಪ್ಪಕ್ಕೆ: 'ಬೃಹತ್ ಹೌಸಿ. ಆಕರ್ಷಕ ಬಹುಮಾನಗಳು. ಬನ್ನಿ, ಆಡಿ, ಗೆಲ್ಲಿ.'

ಹೌಸಿ, ಅಂದರೆ ದುಡ್ಡು ಕೊಟ್ಟು ಚೀಟಿ ಕೊಂಡು ಆಡುವ ನಂಬರಿನ ಆಟ. ಡೆರಿಲ್ ಎರಡು ಸಲ ಓದಿದ. ಮೂರನೆಯ ಸಲ ಓದಿದಾಗ ಅವನಿಗೆ ನಗು ಬಂತು. ಸುತ್ತ ನೋಡಿದ. ಇಸ್ತ್ರಿ ಮಾಡಿದ ಅಂಗಿಗಳು, ಚರ್ಚಿಗೆಂದೇ ಉಟ್ಟ ಭಾನುವಾರದ ಸೀರೆಗಳು ಬ್ಯಾನರಿನ ಅಡಿಯಿಂದ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದವು. ಇಡೀ ಇಗರ್ಜಿಯ ಜನರಲ್ಲಿ ಒಬ್ಬನಿಗಾದರೂ ನಗು ಬರಬೇಡವೇ? ಕುಡುಕರ ಆಶ್ರಮಕ್ಕೆ ಹಣ ಎತ್ತಲು ಸಾರಾಯಿ ಹಂಚಿದರೂ ಇವರು ಗ್ಲಾಸು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅವನ ನಗು ಗಂಟಲಲ್ಲೇ ಹುಳಿಯಾಯಿತು.

"ಹೋಗುವ," ಎಂದಳು ಎಲೇನ್.

"ಎಲ್ಲಿಗೆ?"

"ಮನೆಗೆ. ನಿಮಗೆ ಓದ್ಲಿಕ್ಕೆ ಬರುದಿಲ್ವಾ?"

"ಸಾಕ್ಷಿ ಹೇಳಿ ಹೋಗುವ. ಒಪ್ಪಿಕೊಂಡಾಗಿದೆ."

ಎಲೇನ್ ಅವನ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಅವನಿಗೆ ಚಪ್ಪಾಳೆ ಬೇಕಿತ್ತು. ನೂರಹನ್ನೊಂದು ದಿನ ಒಬ್ಬನೇ ಹಲ್ಲು ಕಚ್ಚಿದ್ದಕ್ಕೆ ಯಾರಾದರೂ ಒಮ್ಮೆ ಕೈತಟ್ಟಲಿ ಎಂಬ ಆಸೆಯನ್ನು ಅವನು ಯಾವ ಸಲಹೆಗಾರ್ತಿಗೂ ಹೇಳಿರಲಿಲ್ಲ.

ಸಲಹೆಗಾರ್ತಿ ಭವ್ಯಶ್ರೀ ಒಳಗೆ ಕುರ್ಚಿಗಳ ಸಾಲು ಸರಿಮಾಡುತ್ತಿದ್ದಳು. ಸುರತ್ಕಲ್ಲಿನಿಂದ ಬಸ್ಸಿನಲ್ಲಿ ಬಂದು ಹೋಗುವ ತುಳು ಹುಡುಗಿ, ಮೂವತ್ತೂ ಆಗಿಲ್ಲ. ವಾರಕ್ಕೊಮ್ಮೆ ಅವಳೆದುರು ಡೆರಿಲ್ ಕೂರುತ್ತಿದ್ದ. ಅವಳ ಕೋಣೆಯ ಗೋಡೆಯ ಮೇಲೆ ಅವಳದೇ ಅಕ್ಷರದಲ್ಲಿ ನಿಯಮಗಳಿದ್ದವು. ನಾಲ್ಕನೆಯದು: ಒಂದು ರೂಪಾಯಿಯ ಪಂಥವೂ ಪಂಥವೇ, ಲಾಟರಿ, ಲಕ್ಕಿ ಡಿಪ್, ಹೌಸಿ, ಯಾವುದೂ ಬೇಡ. ಏಳನೆಯದು: ಆಸೆ ಬಂದಾಗ ಹತ್ತು ನಿಮಿಷ ತಡೆಯಿರಿ, ಅದು ಅಲೆ, ಏರಿದ್ದು ಇಳಿಯುತ್ತದೆ.

"ನಾಲ್ಕನೇ ನಿಯಮ ಮೇಡಂ," ಎಂದ ಡೆರಿಲ್.

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. "ಟ್ರಸ್ಟಿನವರು ನಿರ್ಧಾರ ಮಾಡಿದ್ದು ಸರ್."

"ನೀವು ಹೇಳಲಿಲ್ವಾ?"

"ಹೇಳಿದೆ. ಆ್ಯಪಲ್ಲಿ ನಂಬರ್ ತೆಗೀತೇವೆ ಅಂತ ಇತ್ತು. ಅದನ್ನಾದ್ರೂ ನಿಲ್ಲಿಸಿದೆ. ಈಗ ಚೀಲದಿಂದ ತೆಗಿಯುದು."

"ಅದೊಂದು ಸಾಧನೆ."

"ಸರ್, ಹೆಲ್ಪ್‌ಲೈನಿಗೆ ಇನ್ನೊಬ್ರು ಬೇಕು. ಫೋನ್ ಬರ್ತದೆ, ಎತ್ಲಿಕ್ಕೆ ಜನ ಇಲ್ಲ. ಮೊನ್ನೆ ಒಬ್ರು ಹನ್ನೊಂದು ಸಲ ಮಾಡಿದ್ರು. ಹನ್ನೆರಡನೇ ಸಲ ಮಾಡ್ಲಿಲ್ಲ." ಅವಳ ದನಿ ಒಮ್ಮೆಲೇ ಗಡುಸಾಯಿತು. "ನಾನು ಎಂತ ಮಾಡ್ಬೇಕು, ಹೇಳಿ?"

ಉತ್ತರವಿಲ್ಲದ ಪ್ರಶ್ನೆ ಕೇಳಿದವರ ಮೇಲೂ ಡೆರಿಲ್‌ಗೆ ಈಗ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಬೆನ್ನ ಮೇಲೆ ಒಂದು ಏಟು ಬಿತ್ತು. ಕಾರ್ಯಕ್ರಮ ಸಮಿತಿಯ ಅಧ್ಯಕ್ಷ ವಿಲ್ಲಿ. ಇಪ್ಪತ್ತೈದು ವರ್ಷ ಕುವೈತಿನಲ್ಲಿದ್ದು ಬಂದವನು, ಅಲ್ಲಿಯ ಸೆಂಟನ್ನು ಇನ್ನೂ ಹಚ್ಚುವವನು.

"ಎಂತ ಮಾರಾಯ, ಮುಖ ಯಾಕೆ ಉಪ್ಪಿನಕಾಯಿ? ಬ್ಯಾನರ್ ನೋಡಿದ್ಯಾ?"

"ನೋಡಿದೆ. ಜೂಜು ಬಿಡಿಸ್ಲಿಕ್ಕೆ ಜೂಜು."

"ಹೌಸಿ ಜೂಜಾ? ಹಾಗಾದ್ರೆ ನನ್ನ ಅಮ್ಮ ದೊಡ್ಡ ಜೂಜುಗಾರ್ತಿ. ಎಂಬತ್ತೆರಡು ವರ್ಷ, ಇವತ್ತೂ ನಾಲ್ಕು ಟಿಕೆಟ್ ತೆಗೊಂಡಿದ್ದಾಳೆ." ವಿಲ್ಲಿ ಗಹಗಹಿಸಿದ. "ಕಾರಣ ಒಳ್ಳೇದು ಮಾರಾಯ. ಕಾರಣ ನೋಡು."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಡೆರಿಲ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ವಿಲ್ಲಿ ಅದಕ್ಕೂ ನಗುತ್ತಿದ್ದ.

*

ಸಾಕ್ಷಿ ಐದು ನಿಮಿಷಕ್ಕಿಂತ ಹೆಚ್ಚಾಯಿತು. ಡೆರಿಲ್‌ಗೆ ಮೈಕು ಹೊಸತಲ್ಲ. ಹತ್ತು ವರ್ಷ ಮದುವೆ ರಿಸೆಪ್ಷನ್‌ಗಳಲ್ಲಿ ಎಂ.ಸಿ. ಆಗಿ, ನಿರೂಪಕನಾಗಿ ಜನರನ್ನು ಕುಣಿಸಿದವನು, ಇಗರ್ಜಿಯ ಹೌಸಿಗೆ ನಂಬರು ಕರೆಯುವವನೆಂದರೆ ಅವನೇ ಎಂದಾಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಗೊತ್ತು. ವಯೊಲಿನ್‌ನ ಮಾತು ಬಂದಾಗ ದನಿ ಇಳಿಸಿದ. ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು. ಆಗ ಅವನಿಗೆ ನಿಜವಾಗಿ ಅಳು ಬರಬೇಕಿತ್ತು, ಬರಲಿಲ್ಲ. ಸಮಯ ಸರಿಯಾಗಿ ಬಿತ್ತು ಎಂಬ ಸಮಾಧಾನ ಮಾತ್ರ ಬಂತು. ತನ್ನ ಮಗಳ ನಾಲ್ಕು ತಿಂಗಳನ್ನು ಅವನು ಮತ್ತೊಮ್ಮೆ ಮಾರಿದ್ದ.

"ಸೋಲು ನನ್ನನ್ನು ಹಿಡಿದಿಡಲಿಲ್ಲ," ಎಂದು ಕೊನೆಗೆ ಹೇಳಿದ. ಇದು ಭವ್ಯಶ್ರೀ ಕಲಿಸಿದ್ದು. "ಸೋತವನು ಎದ್ದು ಹೋಗುತ್ತಾನೆ. ಇನ್ನೇನು ಗೆಲ್ಲುತ್ತಿದ್ದೆ, ಒಂದೇ ಒಂದು ಬಾಕಿ ಇತ್ತು ಎನ್ನುವವನು ಏಳುವುದಿಲ್ಲ. ನನ್ನನ್ನು ಕೂರಿಸಿದ್ದು ಆ ಒಂದು."

ಚಪ್ಪಾಳೆ ಬಿತ್ತು, ಉದ್ದಕ್ಕೆ, ಸೊಂಪಾಗಿ. ಅದು ಒಳಗೆ ಇಳಿಯುತ್ತಿದ್ದಂತೆ ಮುಗಿದೂ ಹೋಯಿತು. ಜನ ಆಗಲೇ ಪೆನ್ಸಿಲು ಹುಡುಕುತ್ತಿದ್ದರು.

ಮೆಟ್ಟಿಲಿಳಿಯುವ ಮುನ್ನ ವಿಲ್ಲಿ ಅವನ ಮೊಣಕೈ ಹಿಡಿದ. "ಇವತ್ತು ನಂಬರ್ ಕರೀಬೇಕಾದ ರುಡೊಲ್ಫ್‌ನ ಗಂಟಲು ಕಟ್ಟಿದೆ. ಶಬ್ದವೇ ಬರುದಿಲ್ಲ. ನೀನು ಕರಿ."

"ನಾನಾ?"

"ನೀನು ಆಡುದಿಲ್ಲ ಅಲ್ವಾ? ಕರೆಯುದು ಮಾತ್ರ. ಕರೆಯುವವನಿಗೆ ಸೋಲೂ ಇಲ್ಲ, ಗೆಲುವೂ ಇಲ್ಲ."

"ವಿಲ್ಲಿ, ಬೇಡ."

ವಿಲ್ಲಿ ಮೈಕಿಗೆ ಬಾಯಿ ಕೊಟ್ಟ. "ನಮ್ಮ ಡೆರಿಲ್ ವಾಪಸ್ ಬಂದಿದ್ದಾನೆ! ನಂಬರು ಯಾರು ಕರೀಬೇಕು?"

ಸಭಾಂಗಣ ಅವನ ಹೆಸರು ಕೂಗಿತು. ಸಾಕ್ಷಿಗೆ ಬಿದ್ದ ಚಪ್ಪಾಳೆಗಿಂತ ಇದು ಜೋರಾಗಿತ್ತು. ನಾಲ್ಕನೆಯ ಸಾಲಿನಲ್ಲಿ ಎಲೇನ್ ಒಮ್ಮೆ, ನಿಧಾನವಾಗಿ, ತಲೆ ಅಲ್ಲಾಡಿಸಿದಳು. ಡೆರಿಲ್ ಅದನ್ನು ಕಂಡ. ಕಂಡೂ, ಅವನ ಮನಸ್ಸು ಸರಸರನೆ ಲೆಕ್ಕ ಒಪ್ಪಿಸಿತು: ನಾನು ಟಿಕೆಟ್ ಮುಟ್ಟುವುದಿಲ್ಲ; ಒಪ್ಪದಿದ್ದರೆ ಬಂದ ಜನ ಬೇಸರಪಡುತ್ತಾರೆ; ಭವ್ಯಶ್ರೀಗೆ ಫೋನು ಎತ್ತಲು ಒಬ್ಬರು ಸಿಗುತ್ತಾರೆ; ಕಾರಣ ಒಳ್ಳೆಯದು. ಎಲ್ಲವೂ ನಿಜ. ಸುಳ್ಳಾಗಿದ್ದರೆ ಅವನು ತನ್ನನ್ನು ತಾನೇ ಹಿಡಿದುಹಾಕುತ್ತಿದ್ದ.

ಚೀಲ ಕೈಗೆ ಬಂತು. ಇಗರ್ಜಿಯ ಹಳೆಯ ವೆಲ್ವೆಟ್ ಚೀಲ, ತೊಂಬತ್ತು ಮರದ ಬಿಲ್ಲೆ. ಗಂಟೆ ಹೊಡೆಯುವ ಮುದುಕ ಇಸಿದೋರ್ ಕಿವಿಯಲ್ಲಿ ಹೇಳಿದ: "ಅರುವತ್ತರ ಸಾಲು ಇಡೀ ಕಾಣೆ. ಇಲಿಯೋ ಎಂತದೋ. ನಾನು ರಟ್ಟು ಕತ್ತರಿಸಿ ಸ್ಕೆಚ್ ಪೆನ್ನಲ್ಲಿ ಬರ್ದು ಹಾಕಿದ್ದೇನೆ."

*

"ಹದಿನೈದು! ಹದಿನೈದು ನಂಬರ್ ಬಸ್ಸು ಬಂತು, ಸೀಟಿಲ್ಲ!"

ನಗು.

"ನಲವತ್ತೊಂದು! ಮದುವೆಗೆ ಹುಡುಗಿ ಬೇಕು, ಜಾತಕ ಕೇಳ್ಬೇಡಿ!"

ಇನ್ನಷ್ಟು ನಗು. ಎಲ್ಲ ತಾನಾಗಿ ಬರುತ್ತಿತ್ತು. ಮುನ್ನೂರು ಜನ ಮೊಣಕಾಲ ಮೇಲೆ ಹದಿನೈದು ನಂಬರುಗಳ ಚೀಟಿ ಇಟ್ಟುಕೊಂಡು, ತಲೆ ತಗ್ಗಿಸಿ, ಅವನ ಬಾಯಿಗಾಗಿ ಕಾಯುತ್ತಿದ್ದರು. ಕರೆದ ನಂಬರು ಚೀಟಿಯಲ್ಲಿದ್ದರೆ ಗೀಟು. ಹದಿನೈದೂ ಗೀಟಾದರೆ ಫುಲ್ ಹೌಸ್. ಫುಲ್ ಹೌಸಿಗೆ ಸ್ಕೂಟರು. ಅದು ವೇದಿಕೆಯ ಮೂಲೆಯಲ್ಲಿ ರಿಬ್ಬನ್ ಕಟ್ಟಿಸಿಕೊಂಡು ನಿಂತಿತ್ತು.

ಕೈ ಚೀಲದೊಳಗೆ ಹೋಗುತ್ತದೆ. ಬೆರಳು ಒಂದನ್ನು ಹಿಡಿಯುತ್ತದೆ. ಅದು ಹೊರಬಂದು ಹೆಸರು ಪಡೆಯುವ ಮುನ್ನ ಅರೆಕ್ಷಣ ಉಂಟು. ಡೆರಿಲ್‌ಗೆ ಬೇಕಾಗಿದ್ದದ್ದು ಯಾವತ್ತೂ ಅದೊಂದೇ. ಹಣವಾಗಲಿ, ಗೆಲುವಾಗಲಿ ಅಲ್ಲ, ಆ ಅರೆಕ್ಷಣ. ಈಗ ಅದು ನಿಮಿಷಕ್ಕೆ ನಾಲ್ಕು ಸಲ ಸಿಗುತ್ತಿತ್ತು, ಪುಕ್ಕಟೆ, ಎಲ್ಲರ ಆಶೀರ್ವಾದದೊಂದಿಗೆ. ಅವನ ಬೆನ್ನಿನಲ್ಲಿ ಬೆವರು ಇಳಿಯಿತು. ಬಾಯಿ ಒಣಗಿತು. ಆ ಒಣಗುವಿಕೆ ಅವನಿಗೆ ಪರಿಚಿತ. ಥೂ, ಎಂದುಕೊಂಡ. ಥೂ ಎನ್ನುತ್ತಲೇ ಕೈ ಮತ್ತೆ ಒಳಗೆ ಹೋಗಿತ್ತು.

"ಅರುವತ್ತೆರಡು! ರಿಟೈರ್ ಆದ್ರೂ ಮನೇಲಿ ನಿಲ್ಲುದಿಲ್ಲ!"

ರಟ್ಟಿನ ಬಿಲ್ಲೆಗಳು ಮುಟ್ಟಿದರೆ ಗೊತ್ತಾಗುತ್ತಿದ್ದವು, ಮೆತ್ತಗೆ, ಹಗುರಕ್ಕೆ. ಚೀಟಿಯ ಮೊದಲ ಸಾಲಿನ ಬಹುಮಾನ ಹೋಯಿತು, ನಡುವಿನ ಸಾಲಿನದೂ ಹೋಯಿತು. ವಿಲ್ಲಿಯ ಅಮ್ಮ ಏನನ್ನೋ ಗೆದ್ದು ಪ್ರೆಷರ್ ಕುಕ್ಕರ್ ಎತ್ತಿ ತೋರಿಸಿದಳು. ಹೊರಗೆ ನಂತೂರಿನ ಲಾರಿಗಳು ಹಾರ್ನ್ ಒತ್ತುತ್ತಿದ್ದವು. ಹಿಂದಿನ ಅಂಗಳದಲ್ಲಿ ಹಂದಿ ಮಾಂಸದ ಹಂಡೆಯ ಮುಚ್ಚಳ ತೆಗೆದ ವಾಸನೆ ಬಂತು. ಯಾರೂ ತಲೆ ಎತ್ತಲಿಲ್ಲ.

"ಒಂದೇ ಬಾಕಿ!" ಎಂದು ಯಾರೋ ಕಿರುಚಿದರು. ಎಳೆಯ ದನಿ.

ನಾಲ್ಕನೆಯ ಸಾಲಿನಲ್ಲಿ ಕ್ರಿಸ್ಟಿನ್ ಎದ್ದು ನಿಂತಿದ್ದಳು. ಕೈಯಲ್ಲಿ ಚೀಟಿ.

"ಯಾರು ಕೊಟ್ಟದ್ದು?" ಎಂದು ಎಲೇನ್ ಅವಳ ತೋಳು ಜಗ್ಗುತ್ತಿದ್ದದ್ದು ಡೆರಿಲ್‌ಗೆ ಕಾಣಿಸುತ್ತಿತ್ತು. ಯಾರು ಕೊಟ್ಟದ್ದೆಂದರೆ ವಿಲ್ಲಿ. ಮಕ್ಕಳಿಗೆಲ್ಲ ಒಂದೊಂದು ಫ್ರೀ. ಆ್ಯಪು ಕೂಡ ಹಾಗೆಯೇ, ಮೊದಲ ಹತ್ತು ಆಟ ಫ್ರೀ ಕೊಟ್ಟಿತ್ತು.

ಕ್ರಿಸ್ಟಿನ್ ಅಮ್ಮನ ಕೈ ಕೊಡವಿದಳು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ. ಅವನ ಕೈಯನ್ನು ನೋಡುತ್ತಿದ್ದಳು. ತುಟಿ ಒಣಗಿತ್ತು, ನಾಲಿಗೆಯಿಂದ ಸವರಿಕೊಂಡಳು. ಕಣ್ಣು ಮಿಟುಕಿಸುತ್ತಿರಲಿಲ್ಲ. ಕುತ್ತಿಗೆಯ ಒಂದು ನರ ಹಾರುತ್ತಿತ್ತು. ಆ ಮುಖವನ್ನು ಡೆರಿಲ್ ಮೊದಲು ನೋಡಿದ್ದ: ಕಕ್ಕಸಿನ ಕನ್ನಡಿಯಲ್ಲಿ, ಫೋನಿನ ಬೆಳಕು ಕೆಳಗಿನಿಂದ ಬಿದ್ದಾಗ.

ಅವನ ಕೈಯಲ್ಲಿ ಆಗಲೇ ಒಂದು ಬಿಲ್ಲೆ ಇತ್ತು. ಮೆತ್ತಗಿತ್ತು. ರಟ್ಟು.

ಅವನು ನೋಡಲಿಲ್ಲ. ಮುಷ್ಟಿ ಕಟ್ಟಿದ.

"ಕರಿ, ಡೆರಿಲ್!" ಎಂದ ವಿಲ್ಲಿ.

"ಹತ್ತು ನಿಮಿಷ," ಎಂದ ಡೆರಿಲ್ ಮೈಕಿನಲ್ಲಿ.

ಸಭಾಂಗಣ ನಕ್ಕಿತು. ಹೀಗೆ ಎಳೆಯುವುದರಲ್ಲಿ ಅವನು ಮೊದಲಿಂದಲೂ ಹೆಸರುವಾಸಿ.

"ಏಳನೇ ನಿಯಮ," ಎಂದ ಅವನು. ದನಿ ನಡುಗುತ್ತಿತ್ತು, ಈ ಸಲ ತಾನಾಗಿ. "ಆಸೆ ಬಂದಾಗ ಹತ್ತು ನಿಮಿಷ ತಡೆಯಬೇಕು. ನೀವು ಈಗ ಯಾವುದಕ್ಕೆ ದುಡ್ಡು ಕೊಟ್ಟಿದ್ದೀರೋ, ಆ ಕೇಂದ್ರದ ಗೋಡೆ ಮೇಲೆ ಬರೆದಿದೆ. ಹತ್ತು ನಿಮಿಷ ಪೆನ್ಸಿಲ್ ಕೆಳಗಿಡಿ. ಆಮೇಲೆ ಕರೆಯುತ್ತೇನೆ. ಹತ್ತೇ ನಿಮಿಷ. ನಾನು ನೂರಹನ್ನೊಂದು ದಿನ ಮಾಡಿದ್ದನ್ನು ನೀವು ಹತ್ತು ನಿಮಿಷ ಮಾಡಿ ತೋರಿಸಿ."

ನಗು ಒಂದು ಮೂಲೆಯಲ್ಲಿ ಉಳಿದಿತ್ತು, ಅದೂ ನಿಂತಿತು. ಒಬ್ಬನೂ ಪೆನ್ಸಿಲು ಕೆಳಗಿಡಲಿಲ್ಲ. ಹಿಂದಿನ ಸಾಲಿನಲ್ಲಿ ಭವ್ಯಶ್ರೀ ವಾಚು ನೋಡಿದಳು.

"ಎಂತ ಇದು ನಾಟಕ?" ಎಂದ ಒಬ್ಬ.

"ನನಗೂ ಒಂದೇ ಬಾಕಿ ಉಂಟು, ಕರೀರಿ ಮಾರಾಯ್ರೆ!"

"ಊಟ ತಣ್ಣಗಾಗ್ತದೆ!"

"ದುಡ್ಡು ಕೊಟ್ಟಿದ್ದೇವೆ!"

"ಇವನನ್ನು ಮೇಲೆ ಕರೆದದ್ದು ಯಾರು? ಅಂಥವರನ್ನು..." ಎಂದು ಕರವಸ್ತ್ರದ ಹೆಂಗಸು ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅವಳ ಕಣ್ಣು ಇನ್ನೂ ಒದ್ದೆಯಿತ್ತು.

ವಿಲ್ಲಿ ನಗುತ್ತಲೇ ಹತ್ತಿರ ಬಂದ. ನಗುತ್ತಲೇ ಡೆರಿಲ್‌ನ ಮುಷ್ಟಿ ಹಿಡಿದು ಒಂದೊಂದೇ ಬೆರಳು ಬಿಡಿಸಲು ನೋಡಿದ. ಕಿರುಬೆರಳು ಲಟಕ್ಕೆಂದಿತು. "ಬಿಡು ಮಾರಾಯ, ಜನ ನೋಡ್ತಾರೆ," ಎಂದ, ಹಲ್ಲಿನ ಎಡೆಯಿಂದ. ಡೆರಿಲ್ ಬಿಡಲಿಲ್ಲ. ಅವನಿಗೆ ಈಗ ಒಂದೇ ಗೊತ್ತಿತ್ತು: ಈ ಕೈ ತೆರೆದರೆ ಆ ಹುಡುಗಿಗೆ ಸ್ಕೂಟರು ಸಿಗಬಹುದು, ಸಿಕ್ಕಿದರೆ ಅವಳು ಅಲ್ಲೇ ಮುಗಿದಳು. ಮೊದಲನೆಯ ಗೆಲುವಿಗಿಂತ ದೊಡ್ಡ ಶಾಪವಿಲ್ಲ. ಅವನಿಗೂ ಮೊದಲನೆಯ ದಿನ ಗೆಲುವೇ ಸಿಕ್ಕಿತ್ತು.

"ಎಲೇನ್, ಇವನಿಗೆ ಹೇಳು!" ಎಂದು ವಿಲ್ಲಿ ಕೂಗಿದ.

ಎಲೇನ್ ಎದ್ದಳು. ಮಗಳ ಭುಜದ ಮೇಲೆ ಕೈಯಿಟ್ಟು ಅವನನ್ನು ನೋಡಿದಳು. ಅವಳ ತುಟಿ ಅಲುಗಿತು. ಅವಳು ಕೊಂಕಣಿಯಲ್ಲಿ ಏನೋ ಹೇಳುತ್ತಾಳೆ ಎಂದು ಒಂದು ಕ್ಷಣ ಅವನಿಗೆ ಅನ್ನಿಸಿತು.

ಮೈಕು ಕಿತ್ತುಕೊಂಡರು. ಯಾರೋ ಚೀಲ ಎಳೆದರು. ಸೆಡ್ರಿಕ್ ಎಂಬ ಇನ್‌ಶೂರೆನ್ಸಿನವನು ಮೇಲೆ ಬಂದು, ಡೆರಿಲ್‌ನ ಕಡೆ ನೋಡದೆ, ಉಳಿದ ಬಿಲ್ಲೆಗಳನ್ನು ಕುಲುಕಿದ. "ಒಂದು ಹೋದ್ರೆ ಹೋಯ್ತು," ಎಂದು ವಿಲ್ಲಿ ಘೋಷಿಸಿದ. "ಆಟ ನಿಲ್ಲುದಿಲ್ಲ." ಚಪ್ಪಾಳೆ ಬಿತ್ತು. ಸೆಡ್ರಿಕ್ ಮೂರು ನಂಬರು ಕರೆದ. ಮೂರನೆಯದಕ್ಕೆ ಎಡಗಡೆಯ ಮೂಲೆಯಿಂದ "ಹೌಸ್!" ಎಂಬ ಕೂಗು ಎದ್ದಿತು. ಜನ ಚೀಟಿ ಹರಿದು ಊಟಕ್ಕೆ ಓಡಿದರು.

ಬಾಗಿಲಲ್ಲಿ ಭವ್ಯಶ್ರೀ ಎದುರಾದಳು. ಡೆರಿಲ್ ಅವಳು ಏನಾದರೂ ಹೇಳಲಿ ಎಂದು ನಿಂತ.

"ನಾಲ್ಕು ನಿಮಿಷ ಆಗಿತ್ತು ಸರ್," ಎಂದಳು ಅವಳು ನೆಲ ನೋಡುತ್ತ. ಆಮೇಲೆ, "ಬುಧವಾರ ಬನ್ನಿ."

*

ಬಸ್ ಸ್ಟಾಪಿನಲ್ಲಿ ನೆರಳಿರಲಿಲ್ಲ. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಎಲೇನ್ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಮೂವರೂ ಊಟ ಮಾಡಿರಲಿಲ್ಲ.

"ಇವತ್ತಿನದ್ದು ಸೇರುತ್ತದಾ?" ಎಂದು ಡೆರಿಲ್ ಕೇಳಿದ. ಕೊಂಕಣಿಯಲ್ಲಿ ಕೇಳಿದ.

ಅವಳು ರಸ್ತೆ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತೋ ಬಿಸಿಲಿತ್ತೋ ತಿಳಿಯಲಿಲ್ಲ. "ಚಂದ ಮಾಡಿದಿ ಅಂತ ಹೇಳ್ಬೇಕಾ ನಾನು?" ಎಂದಳು ಕೊನೆಗೆ. 'ನೀವು' ಹೋಗಿತ್ತು. ಭಾಷೆ ಮಾತ್ರ ಕನ್ನಡವೇ. "ಕರೀಲಿಕ್ಕೆ ಹೋಗ್ಬೇಡ ಅಂತ ತಲೆ ಅಲ್ಲಾಡಿಸಿದೆ. ನೋಡಿದಿ. ನೋಡಿಯೂ ಹೋದಿ. ಆಮೇಲೆ ಮುಷ್ಟಿ ಕಟ್ಟಿ ಎಂತ ಪ್ರಯೋಜನ?"

ಅವನ ಮುಷ್ಟಿ ಇನ್ನೂ ಕಟ್ಟಿಯೇ ಇತ್ತು. ಬೆರಳುಗಳು ಮರಗಟ್ಟಿದ್ದವು.

"ಯಾವ ನಂಬರ್?" ಎಂದಳು ಕ್ರಿಸ್ಟಿನ್.

ಅವಳು ಚೀಟಿ ಹರಿದಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹದಿನಾಲ್ಕು ಗೀಟು, ಒಂದು ಖಾಲಿ.

"ನನಗೆ ಗೊತ್ತಿಲ್ಲ ಮಗಾ. ನಾನು ನೋಡಲಿಲ್ಲ."

"ನನಗೆ ಅರುವತ್ತನಾಲ್ಕು ಬೇಕಿತ್ತು. ನೀವು ಹಿಡ್ಕೊಂಡದ್ದು ರಟ್ಟಿಂದು, ನಾನು ನೋಡಿದೆ. ರಟ್ಟಿಂದೆಲ್ಲ ಅರುವತ್ತರ ಸಾಲು ಅಂತ ಇಸಿದೋರ್ ಅಂಕಲ್ ಹೇಳಿದ್ರು. ಅರುವತ್ತೆರಡು, ಅರುವತ್ತೈದು, ಎಲ್ಲ ಬಂದಾಗಿತ್ತು. ನಾನು ಚೀಟಿಯ ಹಿಂದೆ ಬರ್ದಿದ್ದೇನೆ. ಬಾಕಿ ಇದ್ದದ್ದು ಎರಡೇ, ಅರುವತ್ತನಾಲ್ಕು ಮತ್ತೆ ಅರುವತ್ತೊಂಬತ್ತು." ಅವಳು ಉಸಿರು ಎಳೆದುಕೊಂಡಳು. "ಹಾಫ್ ಚಾನ್ಸ್, ಪಪ್ಪಾ. ಹಾಫ್. ನೀವೇ ಕಲಿಸಿದ್ದಲ್ವಾ?"

ಹುಟ್ಟಿದಂದಿನಿಂದ ಅವನೊಡನೆ ಕೊಂಕಣಿಯನ್ನೇ ಆಡಿದ ಹುಡುಗಿ. ಕನ್ನಡದಲ್ಲಿ, ನೀವು ಎಂದು, ಲೆಕ್ಕ ಒಪ್ಪಿಸುತ್ತಿದ್ದಳು. ವಯೊಲಿನ್ ಹೋದಾಗಲೂ ಅವಳು ಭಾಷೆ ಬದಲಿಸಿರಲಿಲ್ಲ.

"ಅದು ಬಿಡು. ಆಟ ಮುಗೀತು."

"ತೋರಿಸಿ."

"ಕ್ರಿಸ್ಟಿನ್."

"ತೋರಿಸಿ. ನನ್ನದಾ ಅಲ್ವಾ ಗೊತ್ತಾದ್ರೆ ಸಾಕು."

ಬಸ್ಸು ಬರುತ್ತಿದ್ದದ್ದು ದೂರದಿಂದ ಕಂಡಿತು. ಎಲೇನ್ ಕೈ ಅಡ್ಡ ಹಿಡಿದಳು. ಡೆರಿಲ್ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮನಸ್ಸಿನಲ್ಲಿ ಬೇಡಿಕೊಂಡ: ಅರುವತ್ತೊಂಬತ್ತಾಗಲಿ, ದೇವರೇ, ಅರುವತ್ತೊಂಬತ್ತು. ಹಾಗೆ ಬೇಡುವಾಗ ಅವನ ಬಾಯಿ ಒಣಗಿತ್ತು.

ಅಂಗೈಯಲ್ಲಿ ರಟ್ಟು ಬೆವರಿಗೆ ನೆಂದು ಹಿಟ್ಟಾಗಿತ್ತು. ಇಸಿದೋರ್‌ನ ಸ್ಕೆಚ್ ಪೆನ್ನಿನ ನೀಲಿ ಬಣ್ಣ ಕೈಗೆರೆಗಳ ತುಂಬ ಹರಡಿಕೊಂಡು ಮಣಿಕಟ್ಟಿನವರೆಗೆ ಇಳಿದಿತ್ತು. ಆರೂ ಇರಲಿಲ್ಲ, ನಾಲ್ಕೂ ಇರಲಿಲ್ಲ, ಒಂಬತ್ತೂ ಇರಲಿಲ್ಲ.

ಕ್ರಿಸ್ಟಿನ್ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಬಿಸಿಲಿಗೆ ತಿರುಗಿಸಿದಳು. ಎಷ್ಟೋ ತಿಂಗಳ ಮೇಲೆ ಅವಳು ಅವನನ್ನು ಮುಟ್ಟಿದ್ದು. ಹೆಬ್ಬೆರಳಿನಿಂದ ಹಿಟ್ಟನ್ನು ಸರಿಸಿ ಒಂದು ಗೆರೆಯನ್ನು ಹಿಂಬಾಲಿಸಿದಳು, ಇನ್ನೊಂದನ್ನು ಹಿಂಬಾಲಿಸಿದಳು. ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಉರ್ವ, ಉರ್ವ ಎಂದು ಕೂಗಿದ. ಎಲೇನ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕಾದಳು.

"ನನ್ನದೇ," ಎಂದಳು ಕ್ರಿಸ್ಟಿನ್, ಯಾರಿಗೂ ಅಲ್ಲದೆ. ಆಮೇಲೆ ಚೀಟಿಯನ್ನು ಅವನ ಅಂಗೈಯ ಪಕ್ಕಕ್ಕೆ ಹಿಡಿದು, ತುಟಿ ಸವರಿಕೊಂಡು, ಮೊದಲಿನಿಂದ ಮತ್ತೆ ನೋಡತೊಡಗಿದಳು.